ಮೈ ಮುಟ್ಟದಿದ್ದರೂ ಅದು ಕಿರುಕುಳವೇ

ಬೆಟಗೇರಿಯ ಓದುಗರೊಬ್ಬರ ಪತ್ರ: "ನನ್ನ ತಂಗಿ ಹುಬ್ಬಳ್ಳಿಯ ಸೀರಿ ಅಂಗಡ್ಯಾಗ ಕೆಲಸಕ್ಕ ಹೋಗ್ತಾಳ. ಏಳು ಮಂದಿ ಇದ್ದಾರ. ಮಾಲೀಕರ ಅಳಿಯ, 'ಈ ಸೀರಿ ನಿನ್ನ ಮೈಮ್ಯಾಲೆ ಹೆಂಗ ಕಾಣತೈತಿ ನೋಡೂಣು' ಅಂತ ಗಿರಾಕಿ ಮುಂದನ ಅಂತಾನ. ರಾತ್ರಿ ವಾಟ್ಸ್‌ಆ್ಯಪ್‌ನ್ಯಾಗ ಕೆಟ್ಟ ಫೋಟೋ ಕಳಸ್ತಾನ. ಸಂಕ್ರಾಂತಿಯಿಂದ ನಡದೈತಿ. ಮೈ ಮುಟ್ಟಿಲ್ಲ. ಅವ್ವ ಕೆಲಸ ಬಿಡು ಅಂತಾಳ. ಏನು ಮಾಡೂದು?"

ಅಕ್ಕಾ, "ಮೈ ಮುಟ್ಟಿಲ್ಲ" ಎಂಬಲ್ಲಿ ನೀವು ಗೆರೆ ಎಳೆದಿದ್ದೀರಿ. ಆ ಗೆರೆ ನೋಡಿ ಸಂಕಟವಾಯಿತು. ಮುಟ್ಟುವವರೆಗೂ ತಾಳಿಕೊಳ್ಳಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟವರು ಯಾರು? ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಬೇಡದ ಲೈಂಗಿಕ ಮಾತು, ಸನ್ನೆ, ಅಶ್ಲೀಲ ಚಿತ್ರ ತೋರಿಸುವುದು ಎಲ್ಲವೂ ಲೈಂಗಿಕ ಕಿರುಕುಳವೇ. "ಚ್ಯಾಷ್ಟಿ ಮಾಡಿದೆ" ಎಂದು ಅವನು ಜಾರಿಕೊಳ್ಳಬಹುದು. ನಿಮ್ಮ ತಂಗಿಗೆ ಅದು ಬೇಡವಾಗಿತ್ತು, ಅಷ್ಟು ಸಾಕು.

ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಮಾಲೀಕರು ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಮಾಡಲೇಬೇಕು, ಅದಕ್ಕೆ ಹೆಣ್ಣುಮಗಳೇ ಅಧ್ಯಕ್ಷೆ. ಏಳೇ ಮಂದಿಯ ಅಂಗಡಿ ಎಂದರೆ ದಾರಿ ಮುಚ್ಚಿತೆಂದಲ್ಲ. ಅಂಥವರಿಗಾಗಿ, ಮಾಲೀಕನ ಮೇಲೆಯೇ ದೂರಿದ್ದರೂ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಉಂಟು. ನಿಮ್ಮ ಮನೆ ಗದಗ ಜಿಲ್ಲೆಯಲ್ಲಿದ್ದರೂ ಅಂಗಡಿ ಹುಬ್ಬಳ್ಳಿಯಲ್ಲಿರುವುದರಿಂದ ಧಾರವಾಡ ಜಿಲ್ಲೆಯ ಸಮಿತಿಗೇ ಬರೆಯಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಸಂಕ್ರಾಂತಿಯಿಂದ ಎಂದಿದ್ದೀರಿ, ತಡವಾಯಿತೆಂದು ಕೈಚೆಲ್ಲಬೇಡಿ. ದೂರು ಕೊಡಲು ಕಡೆಯ ಸಲ ನಡೆದ ದಿನದಿಂದ 3 ತಿಂಗಳು ಲೆಕ್ಕ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರಲ್ಲಿ ರಜೆ ಬೇಕೆಂದು ಬರೆದು ಕೇಳಬಹುದು. ದೂರು ಕೊಟ್ಟವಳ ಹೆಸರು ಹೊರಗೆ ಹಾಕುವುದಕ್ಕೆ ಕಾಯ್ದೆಯ ತಡೆಯಿದೆ. ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರೂ ಆಗದು. ಅವ್ವನಿಗೆ ಇದನ್ನು ಬಿಡಿಸಿ ಹೇಳಿ. ಮನೆಯ ಮರ್ಯಾದೆಯ ಚಿಂತೆ ಅವರದು, ಅದನ್ನು ನಾನು ತಪ್ಪೆನ್ನಲಾರೆ. ಆದರೆ ದುಡಿದು ಉಣ್ಣುವ ಹುಡುಗಿ ಮನೆಯಲ್ಲಿ ಕೂತು, ಅವನು ಗಲ್ಲೆಯ ಮೇಲೆ ಕೂತರೆ ಅದ್ಯಾವ ಮರ್ಯಾದೆ?

ಆ ಫೋಟೋಗಳನ್ನು ಸಿಟ್ಟಿಗೆ ಅಳಿಸಿಬಿಡಬೇಡಿ. ಯಾವ ದಿನ ಏನಂದ, ಯಾರು ಕೇಳಿಸಿಕೊಂಡರು ಎಂದು ತಂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪೊಲೀಸರಿಗೂ ದೂರು ಕೊಡಬಹುದು. ಅಪರಾಧಗಳಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಇದಕ್ಕೇ ಇದೆ.

ಒಂಬತ್ತನೇ ಇಯತ್ತೆಯ ಮಗಳು ಶಾಲೆಯ ಒಬ್ಬ ಸರ್ ಬಗ್ಗೆ "ಅವರು ಭಾಳ ಹತ್ರ ಬರ್ತಾರ" ಅಂದಳೆಂದು ಪತ್ರದ ತುದಿಗೆ ಬರೆದಿದ್ದೀರಿ. ಅದು ತುದಿಯ ಮಾತಲ್ಲ. ಇವತ್ತೇ ಅವಳ ಪಕ್ಕ ಕೂತು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. 18 ತುಂಬದ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯಲು 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಿದ್ದೂ "ಶಾಲಿ ಹೆಸರು ಕೆಡತೈತಿ" ಎಂದು ಮುಚ್ಚಿಟ್ಟ ಮುಖ್ಯೋಪಾಧ್ಯಾಯರೂ ಶಿಕ್ಷೆಗೆ ಗುರಿಯಾಗುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಧಾರವಾಡಕ್ಕೆ ತಂಗಿಯನ್ನು ಒಬ್ಬಳನ್ನೇ ಕಳಿಸಬೇಡಿ. ಜೊತೆಗೆ ನೀವೂ ಹೋಗಿ, ಅವ್ವನೂ ಬರಲಿ.