ಹೈದರ್: ಹೈದನಲ್ಲ, ಹುಲಿಯೂ ಅಲ್ಲ

ಪ್ರಶ್ನೆ: ಮೊಮ್ಮಗನಿಗೆ ‘ಹೈದರ್’ ಎಂದು ಹೆಸರಿಡಬೇಕೆಂದಿದ್ದೇವೆ. ಅದಕ್ಕೆ ಹುಲಿ ಎಂಬ ಅರ್ಥವಿದೆಯೆಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಅದು ಕನ್ನಡದ ‘ಹೈದ’ದಿಂದಲೇ ಬಂದದ್ದು ಎಂದು ವಾದಿಸುತ್ತಾರೆ. ಯಾವುದು ಸರಿ? ಕನ್ನಡದಲ್ಲಿ ಹೇಗೆ ಬರೆಯಬೇಕು?
– ಓದುಗರು, ಕಲಬುರಗಿ

ಉತ್ತರ: ಮೇಷ್ಟ್ರ ಊಹೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಹುಡುಗ ಎಂಬ ಅರ್ಥದ ‘ಹೈದ’ ದ್ರಾವಿಡ ಮೂಲದ ಪದ. ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ಇಲ್ಲಿಯೂ ಹಳೆಯ ಪಕಾರವೇ ಹಕಾರವಾಗಿದೆ. ತಮಿಳಿನ ‘ಪೈಯನ್’ ಇದರ ಬಳಗಕ್ಕೆ ಸೇರಿದ್ದು. ‘ಹೈದರ್’ನ ಹಕಾರವಾದರೋ ಅರಬ್ಬಿಯಲ್ಲಿ ಮೊದಲಿನಿಂದಲೂ ಇರುವ, ಗಂಟಲಿನ ಆಳದಿಂದ ಹೊರಡುವ ಅಕ್ಷರ, ಉರ್ದು ಕಲಿತವರು ಇದನ್ನು ‘ಬಡೀ ಹೇ’ ಎಂದು ಗುರುತಿಸುತ್ತಾರೆ.

ಹೈದರ್ ಎಂದರೆ ಸಿಂಹ. ಅರಬ್ಬಿಯಲ್ಲಿ ಸಿಂಹಕ್ಕೆ ಅಸದ್, ಲೈತ್, ಉಸಾಮಾ, ಅಬ್ಬಾಸ್ ಎಂದು ಹೆಸರುಗಳು ಹೇರಳವಾಗಿವೆ. ಅವುಗಳಲ್ಲಿ ಹೈದರ್ ಎಂಬುದು ವಿಶೇಷವಾಗಿ ಒಬ್ಬರ ಗುರುತಾಗಿ ನಿಂತಿತು. ಅವರು ಪ್ರವಾದಿ ಮುಹಮ್ಮದರ ಅಳಿಯ, ನಾಲ್ಕನೆಯ ಖಲೀಫ ಅಲಿ. 628ರ ಖೈಬರ್ ಕಾಳಗದಲ್ಲಿ ಮರ್ಹಬ್ ಎಂಬ ವೀರನು ತನ್ನ ಹೆಸರು ಹೇಳಿ ಸವಾಲೆಸೆದಾಗ, ತನ್ನ ತಾಯಿ ತನಗೆ ‘ಹೈದರಾ’ ಎಂದು ಹೆಸರಿಟ್ಟಳೆಂದು ಅಲಿ ಪದ್ಯದಲ್ಲೇ ಉತ್ತರಿಸಿದ ಪ್ರಸಂಗವು ಸಹೀಹ್ ಮುಸ್ಲಿಂ ಎಂಬ ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ) ಸಂಗ್ರಹದಲ್ಲಿದೆ. ಆ ತಾಯಿ ಫಾತಿಮಾ ಬಿಂತ್ ಅಸದ್, ಎಂದರೆ ಅಸದ್ ಎಂಬಾತನ ಮಗಳು. ‘ಅಸದ್’ ಎಂದರೂ ಸಿಂಹವೇ ಆದ್ದರಿಂದ, ಆಕೆ ತನ್ನ ತಂದೆಯ ಹೆಸರನ್ನೇ ಇನ್ನೊಂದು ಪದದಲ್ಲಿ ಮಗನಿಗಿಟ್ಟಳೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಆಸೆ ಯಾವ ನಾಡಿನಲ್ಲಿ ಇಲ್ಲ?

ಹೀಗಾಗಿ ‘ಹೈದರ್ ಅಲಿ’ ಎಂದರೆ ಒಬ್ಬರನ್ನೇ ಎರಡು ಸಲ ಕರೆದಂತೆ. 1591ರಲ್ಲಿ ಕುತುಬ್ ಶಾಹಿಗಳು ಕಟ್ಟಿದ ಹೈದರಾಬಾದಿನಲ್ಲಿಯೂ ಇದೇ ಹೆಸರಿದೆ. 2019ರವರೆಗೆ ನಿಮ್ಮ ಸೀಮೆಯೂ ಅಧಿಕೃತವಾಗಿ ‘ಹೈದರಾಬಾದ್ ಕರ್ನಾಟಕ’ವೇ ಆಗಿತ್ತು. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದು ಅದಕ್ಕೆ ‘ಹೈದರ್ ನಗರ’ ಎಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಹೈದರ್ ಕಳಚಿ ಹೋಯಿತು. ಹೊಸನಗರ ತಾಲ್ಲೂಕಿನಲ್ಲಿ ಇಂದು ಬರಿಯ ‘ನಗರ’ ಉಳಿದಿದೆ. ಅವನ ಚಿನ್ನದ ನಾಣ್ಯವಂತೂ ಇನ್ನೂ ಸ್ವಾರಸ್ಯಕರವಾದದ್ದು: ಒಂದು ಬದಿಯಲ್ಲಿ ಶಿವಪಾರ್ವತಿಯರು, ಇನ್ನೊಂದು ಬದಿಯಲ್ಲಿ ಹೈದರ್ ಎಂಬುದರ ಮೊದಲಕ್ಷರವಾದ ಆ ಬಡೀ ಹೇ ಒಂದೇ. ಮಗ ಟಿಪ್ಪು ತನ್ನ ಎರಡು ರೂಪಾಯಿಯ ಬೆಳ್ಳಿ ನಾಣ್ಯವನ್ನು ‘ಹೈದರಿ’ ಎಂದು ಕರೆದು, ಹೈದರನ ಗೆಲುವಿನಿಂದ ಅಹ್ಮದರ, ಅಂದರೆ ಪ್ರವಾದಿ ಮುಹಮ್ಮದರ, ಧರ್ಮವು ಲೋಕದಲ್ಲಿ ಬೆಳಗಿತೆಂಬ ಪಾರ್ಸಿ ಸಾಲನ್ನು ಅದರ ಮೇಲೆ ಬರೆಯಿಸಿದನು. ಅಲ್ಲಿ ಹೈದರ್ ಎಂದರೆ ಖೈಬರಿನ ಅಲಿಯೂ ಹೌದು, ತಂದೆಯೂ ಹೌದು. ಆ ಶ್ಲೇಷೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇನ್ನು ನಿಮ್ಮ ಹಿರಿಯರ ಹುಲಿಯ ವಿಚಾರ. ನಿಘಂಟಿನ ಪ್ರಕಾರ ಅವರ ಮಾತು ತಪ್ಪು, ಆದರೆ ಆ ತಪ್ಪಿಗೂ ದೊಡ್ಡ ಮನೆತನವಿದೆ. ಇರಾನಿನ ಪಾರ್ಸಿಯಲ್ಲಿ ಸಿಂಹವಾದ ‘ಶೇರ್’ ನಮ್ಮ ಕಡೆಯ ಉರ್ದುವಿನಲ್ಲಿ ಹುಲಿಗೂ ಸಲ್ಲುತ್ತದೆ. ಟಿಪ್ಪುವಿನ ಬಾವುಟಗಳಲ್ಲಿಯೂ ಆಯುಧಗಳಲ್ಲಿಯೂ ‘ಅಸದುಲ್ಲಾಹ್ ಅಲ್ ಗಾಲಿಬ್’, ಅಂದರೆ ದೇವರ ಸಿಂಹವು ವಿಜಯಿ, ಎಂಬ ಅರಬ್ಬಿ ಅಕ್ಷರಗಳನ್ನು ಹೆಣೆದು ಒಂದು ಮುಖವನ್ನು ಚಿತ್ರಿಸಿದ್ದಾರೆ. ಅಕ್ಷರ ಸಿಂಹದ್ದು, ಮುಖ ಮಾತ್ರ ಹುಲಿಯದು.

ಬರವಣಿಗೆಯಲ್ಲಿ ‘ಹೈದರ್’ ಎಂದು ಹಲಂತವಾಗಿ, ಅಂದರೆ ಕೊನೆಯಲ್ಲಿ ಸ್ವರವಿಲ್ಲದೆ, ಬರೆಯುವುದೇ ಮೂಲಕ್ಕೆ ಹತ್ತಿರ. ‘ಹೈದರ’ ಎಂದು ಅಕಾರದಲ್ಲಿ ಮುಗಿಸಿದರೆ ಕನ್ನಡದ ಕಿವಿಗೆ ಅದು ಹೈದ ಎಂಬುದರ ಷಷ್ಠಿಯ ಬಹುವಚನವಾಗಿ ಕೇಳಿಸೀತು; ಮೇಷ್ಟ್ರ ವಾದಕ್ಕೆ ನೀವೇ ಪುರಾವೆ ಒದಗಿಸಿದಂತಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಬರೆಸುವ ರೂಪವನ್ನೇ ಮುಂದೆ ಆಧಾರ್‌ನಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಉಳಿಸಿಕೊಳ್ಳಿ.