ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ (ಸರಕು ಎತ್ತಿ ಸಾಗಿಸುವ ಗಾಡಿ) ಪಕ್ಕ ಕೆಲಸ. ಸಾದಾ ಬೂಟು ಸಾಲದೇ?

ಸಾಲದು. ವಿಜಯಪುರ, ಕಲಬುರಗಿಯಿಂದ ಪುಣೆಗೆ ಬಂದ ನಮ್ಮ ಹುಡುಗರು ಸೂಪರ್‌ವೈಸರ್ ಬೈಯುವವರೆಗೂ ಚಪ್ಪಲಿಯಲ್ಲೇ ಓಡಾಡುತ್ತಾರೆ, ಅದು ಬೇರೆ ಮಾತು. ಸೇಫ್ಟಿ ಶೂ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ‘ಐಎಸ್ 15298 ಭಾಗ 2’ ಎಂದಿದೆಯೇ ನೋಡಿ. ಅದರ ಮುಂತುದಿಯ ಗಟ್ಟಿ ಕವಚ 200 ಜೂಲ್ ಹೊಡೆತ ತಡೆಯುತ್ತದೆ. ಅಂದರೆ 20 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಭಾಗ 3ರದ್ದಾದರೆ 100 ಜೂಲ್ ಅಷ್ಟೇ.

ಆದರೆ ಕವಚ ಕಾಯುವುದು ಬೆರಳುಗಳನ್ನು ಮಾತ್ರ. ಟನ್‌ಗಟ್ಟಲೆ ತೂಗುವ ಗಾಡಿಯ ಹಿಂದಿನ ಗಾಲಿ ತಿರುವಿನಲ್ಲಿ ಪಾದದ ಮೇಲ್ಭಾಗಕ್ಕೇ ಹತ್ತಿದರೆ ಈ ಬೂಟೂ ಉಳಿಸದು, ದೂರ ನಿಲ್ಲಿ. ಕೆಳಗೆ ಮೊಳೆ, ಲೋಹದ ಚೂರು ಬಿದ್ದಿರುವ ಕಡೆ ಚುಚ್ಚು ತಡೆಯುವ ಅಟ್ಟೆಯೂ ಬೇಕು. ಒಮ್ಮೆ ಜೋರು ಪೆಟ್ಟು ತಿಂದ ಬೂಟನ್ನು, ಹೊರಗೆ ಚೆನ್ನಾಗೇ ಕಂಡರೂ, ಬದಲಿಸಿ.