ಟಿಬಿ ಟೆಸ್ಟ್ ಪಾಸಿಟಿವ್ ಬಂತು, ಡ್ಯೂಟಿ ಬಿಡಬೇಕಾ?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ನಮ್ಮ ವಾರ್ಡಿನ ರೋಗಿಯೊಬ್ಬರಿಗೆ ಶ್ವಾಸಕೋಶದ ಟಿಬಿ ಇದ್ದದ್ದು ತಡವಾಗಿ ಗೊತ್ತಾಯಿತು. ನಮಗೆಲ್ಲ ಚರ್ಮದ ಪರೀಕ್ಷೆ ಮಾಡಿಸಿದರು, ನನ್ನದು 14 ಮಿ.ಮೀ. ಉಬ್ಬು ಬಂತು. ಕೆಮ್ಮು, ಜ್ವರ ಇಲ್ಲ. ಎಕ್ಸ್‌ರೇ ಚೆನ್ನಾಗಿದೆ. ಸೀನಿಯರ್ ಸಿಸ್ಟರ್ ‘ಟಿಬಿಯ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆಲ್ಲ ಹಾಗೇ ಬರುತ್ತೆ, ಬಿಡು’ ಅನ್ನುತ್ತಾರೆ. ಉಳಿದವರು ನನ್ನ ಪಕ್ಕ ಕೂರೋಕೇ ಹೆದರುತ್ತಾರೆ. ಏನು ಮಾಡಲಿ?

ಉತ್ತರ: ರಜೆ ಹಾಕಬೇಡಿ. ನಿಮಗಿರುವುದು ಸೋಂಕು ಇರಬಹುದು, ಕಾಯಿಲೆಯಲ್ಲ. ರೋಗಾಣು ಒಳಗೆ ಸುಮ್ನೆ ಮಲಗಿರುವಾಗ ಅದು ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಪಕ್ಕ ಕೂರೋಕೆ ಹೆದರುವವರೂ ಆಸ್ಪತ್ರೆಯವರೇ ಅಲ್ವಾ, ಇಷ್ಟಾದರೂ ಗೊತ್ತಿರಬೇಕಿತ್ತು.

ಹಾಗಂತ ‘ಬಿಡು’ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಹುಟ್ಟಿದಾಗ ಹಾಕಿದ ಬಿಸಿಜಿ ಚರ್ಮದ ಪರೀಕ್ಷೆಯ ಮೇಲೆ ಮಾಡುವ ಪರಿಣಾಮ ಹತ್ತು ವರ್ಷ ಕಳೆದ ಮೇಲೆ ತೀರಾ ಕಡಿಮೆ. ಅನುಮಾನ ಇದ್ದರೆ ಐಜಿಆರ್‌ಎ ರಕ್ತ ಪರೀಕ್ಷೆ ಮಾಡಿಸಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. 14 ಅಂದರಲ್ಲ, ಅದನ್ನು ಅಳೆದದ್ದು ಹೇಗೆ ಅಂತಲೂ ಕೇಳಿ. 48ರಿಂದ 72 ಗಂಟೆಯೊಳಗೆ, ಕೈಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು ಮಾತ್ರ ಅಳೆಯಬೇಕು, ಸುತ್ತಲಿನ ಕೆಂಪನ್ನಲ್ಲ. ಇಲ್ಲಿ ತಪ್ಪು ಮಾಡುವವರು ಜಾಸ್ತಿ.

ಇನ್ನೊಂದು ತೊಡಕಿದೆ. ಕೆಲಸಕ್ಕೆ ಸೇರಿದಾಗ ನಿಮಗೆ ಪರೀಕ್ಷೆ ಆಗಿತ್ತಾ? ಆಗಿರದಿದ್ದರೆ ಈ ಸೋಂಕು ಆ ರೋಗಿಯಿಂದ ಬಂದದ್ದೋ ಹಳೆಯದೋ ಹೇಳುವುದು ಕಷ್ಟ. ಈಗ ನೆಗೆಟಿವ್ ಬಂದ ನಿಮ್ಮ ಸಹೋದ್ಯೋಗಿಗಳೂ ನಿಶ್ಚಿಂತರಾಗುವ ಹಾಗಿಲ್ಲ, ರೋಗಿಯ ಸಂಪರ್ಕ ತಪ್ಪಿದ 8ರಿಂದ 10 ವಾರಕ್ಕೆ ಅವರು ಮತ್ತೊಮ್ಮೆ ಮಾಡಿಸಬೇಕು, ಯಾಕೆಂದರೆ ಸೋಂಕು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಅಷ್ಟು ಸಮಯ ಹಿಡಿಯುತ್ತದೆ.

ಕಾಯಿಲೆ ಬಾರದಂತೆ ತಡೆಯುವ ಮಾತ್ರೆ? ನಾನಾದರೆ ತಗೊಳ್ಳಿ ಅನ್ನುತ್ತೇನೆ. ಸೋಂಕು ತಗುಲಿದವರಲ್ಲಿ ಶೇ 5ರಿಂದ 10ರಷ್ಟು ಜನರಿಗೆ ಜೀವನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ, ಮೊದಲ ಎರಡು ವರ್ಷದಲ್ಲೇ ಅಪಾಯ ಹೆಚ್ಚು. ಈಗ ಚಿಕ್ಕ ಕೋರ್ಸ್‌ಗಳಿವೆ: ಐಸೋನಿಯಜಿಡ್ ಜೊತೆ ರಿಫಾಪೆಂಟಿನ್ ವಾರಕ್ಕೊಮ್ಮೆ, ಒಟ್ಟು 12 ಡೋಸ್. ಇಲ್ಲವೇ ರಿಫಾಂಪಿಸಿನ್ ದಿನಾ, ನಾಲ್ಕು ತಿಂಗಳು. ಆ ರೋಗಿಯ ಟಿಬಿ ಔಷಧಕ್ಕೆ ಜಗ್ಗದ ಬಗೆಯದಾ ಅಂತ ಮೊದಲೇ ವಿಚಾರಿಸಿ, ಹಾಗಿದ್ದರೆ ಲೆಕ್ಕವೇ ಬೇರೆ. ಲಿವರ್ ತೊಂದರೆ ಇದ್ದರೆ ವೈದ್ಯರಿಗೆ ಹೇಳಿ. ಈ ಮಾತ್ರೆಗಳಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಆದರೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆ ವಿಧಾನ ಬೇಕು. ಇದನ್ನು ಹೇಳಲು ಎಷ್ಟೋ ವೈದ್ಯರು ಮರೆಯುತ್ತಾರೆ.

ಕೋರ್ಸ್ ಮುಗಿದ ಮೇಲೂ ಚರ್ಮದ ಪರೀಕ್ಷೆ ಪಾಸಿಟಿವ್ ಆಗಿಯೇ ಉಳಿಯಬಹುದು, ಮತ್ತೆ ಮತ್ತೆ ಮಾಡಿಸಬೇಡಿ. ರಿಪೋರ್ಟ್, ಎಕ್ಸ್‌ರೇ, ಕೋರ್ಸ್ ಮುಗಿಸಿದ ಚೀಟಿ ಜೋಪಾನವಾಗಿಡಿ, ಮುಂದೆ ಯಾವ ಆಸ್ಪತ್ರೆಗೆ ಸೇರಿದರೂ ಕೇಳುತ್ತಾರೆ. ವಿವರವಾಗಿ ಓದಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಟಿಬಿ ಮಾರ್ಗಸೂಚಿಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಪಾಸಣೆ, ಪತ್ತೆ, ಚಿಕಿತ್ಸೆ ಎಲ್ಲ ಬೇರೆ ಬೇರೆ ಭಾಗಗಳಲ್ಲಿವೆ. ನೀವು ತಡೆಗಟ್ಟುವಿಕೆಯ ಭಾಗದಿಂದ ಶುರು ಮಾಡಿ.

ಮುಂದೆ ಎಂದಾದರೂ ಎರಡು ವಾರ ಕೆಮ್ಮು ನಿಲ್ಲದಿದ್ದರೆ, ರಾತ್ರಿ ಬೆವರಿದರೆ, ತೂಕ ಇಳಿದರೆ, ಕಫದಲ್ಲಿ ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ ಮಾಡಿಸಿ. ಯಂತ್ರ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ರಿಪೋರ್ಟ್ ಬರುವವರೆಗಂತೂ ವಾರ್ಡಿನಿಂದ ದೂರ ಇರಿ.